ದೊರೆ ಸತ್ತರೆ ನನ್ನ ಪಾತ್ರವೂ ಸಾಯಬೇಕೆ?

ಪ್ರಶ್ನೆ: ಬಸವನಗುಡಿಯಲ್ಲಿ ನಾವು ಐದು ಜನ ಭಾನುವಾರ ಮಧ್ಯಾಹ್ನ ಡಿ ಅಂಡ್ ಡಿ (ಒಬ್ಬೊಬ್ಬರು ಒಂದು ಪಾತ್ರವಾಗಿ, ಡೈಸ್ ಹಾಕಿ ಕಥೆ ಕಟ್ಟುವ ಮೇಜಿನ ಆಟ) ಐದನೇ ಆವೃತ್ತಿಯನ್ನು 2014ರ ಪುಸ್ತಕದಂತೆ ಆಡುತ್ತೇವೆ, ಮಾತೆಲ್ಲ ಹೆಚ್ಚುಕಡಿಮೆ ಕನ್ನಡದಲ್ಲೇ. ನನ್ನದು ಫೈಟರ್ (ಕಾದಾಳು), ಈಗ 3ನೇ ಲೆವೆಲ್. ‘ಹೊಯ್ಸಳರ ಗರುಡ’ (ದೊರೆ ಸತ್ತರೆ ತಾನೂ ಸಾಯುತ್ತೇನೆ ಎಂದು ಮಾತು ಕೊಟ್ಟ ಆಳು) ಎಂದು ಬರೆದುಕೊಂಡು ಶುರುಮಾಡಿದೆ. ನಾಲ್ಕು ಸೆಷನ್ ಆಗುವಷ್ಟರಲ್ಲಿ ಅವನು ಪಂಚೆ ಉಟ್ಟ ಯೂರೋಪಿನ ನೈಟ್ ಆಗಿಬಿಟ್ಟಿದ್ದಾನೆ. ಗರುಡರ ಪ್ರತಿಜ್ಞೆಯನ್ನು ನಿಜವಾಗಿ ತಂದರೆ ದೊರೆ ಸತ್ತ ದಿನವೇ ನನ್ನ ಪಾತ್ರದ ಕಥೆಯೂ ಮುಗಿಯಿತು. ತರದಿದ್ದರೆ ಗರುಡ ಅನ್ನುವ ಹೆಸರೇ ಸುಳ್ಳು. ಡಿಎಂ (ಆಟ ನಡೆಸುವವನು) ‘ಗರುಡ’ ಅಂತ ಹೊಸ ಕ್ಲಾಸೇ (ತನ್ನದೇ ನಿಯಮಗಳಿರುವ ಪಾತ್ರದ ಬಗೆ) ಮಾಡಿಕೊಡುತ್ತೇನೆ ಅನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಹೊಸ ಕ್ಲಾಸ್ ಬೇಡ. ಗರುಡನ ಇಡೀ ಬದುಕಿನಲ್ಲಿ ನೀವು ಎತ್ತಿಕೊಂಡದ್ದು ಅವನ ಕೊನೆಯ ದಿನವೊಂದನ್ನೇ. ಅದಕ್ಕೂ ಹಿಂದಿನ ಇಪ್ಪತ್ತು ಮೂವತ್ತು ವರ್ಷ ಅವನು ಯಾರ ಅನ್ನ ಉಂಡ, ಎಂಥ ಮಾತು ಕೊಟ್ಟ, ಅವನು ಸತ್ತರೆ ಮನೆಯವರಿಗೆ ಏನು ಸಿಗುತ್ತದೆ, ಇವೊಂದೂ ಪಾತ್ರದ ವಿವರ ಬರೆದ ನಿಮ್ಮ ಶೀಟಿನಲ್ಲಿಲ್ಲ. ಆ ಖಾಲಿ ಜಾಗದಲ್ಲಿ ಸಿನಿಮಾದಲ್ಲಿ ನೋಡಿದ ನೈಟ್ ಬಂದು ಕೂತಿದ್ದಾನೆ.

ಗರುಡ ಎಂದರೆ ಎಲ್ಲರಿಗೂ ನೆನಪಾಗುವುದು ಕುವರ ಲಕ್ಷ್ಮ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಅವನ ಕಂಬವಿದೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ವೀರರು ಕೊಟ್ಟ ಮಾತಿನಂತೆ ಪ್ರಾಣ ಬಿಟ್ಟರು ಎಂದು ಅದರ ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರನ್ನು ಕಂಬದ ಮೇಲೆ ಕೆತ್ತಿದ್ದಾರೆ. ನಿಮ್ಮ ಕಣ್ಣಿಗೆ ಬಿದ್ದದ್ದು ಈ ಚಿತ್ರ. ಆದರೆ ಅದೇ ಶಾಸನದಲ್ಲಿ ಲಕ್ಷ್ಮ ದಂಡನಾಥ. ಅಂದರೆ ದಂಡು ನಡೆಸಿದವನು, ರಾಜ್ಯದ ಕೆಲಸ ಮಾಡಿದವನು, ಸಂಸಾರವಂದಿಗ. ಎಡಗಾಲಿಗೆ ವೀರರ ತೊಡರು (ಕಾಲ್ಗಡಗ) ಹಾಕಿಕೊಂಡು ವರ್ಷಗಟ್ಟಲೆ ಓಡಾಡಿದವನು. ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಲ್ಲಂತೂ ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ದೊರೆಗಳ ಗರುಡರಾದದ್ದು ದಾಖಲಾಗಿದೆ. ಒಂದು ಮನೆತನ ತಲೆಮಾರುಗಟ್ಟಲೆ ಗರುಡ ಪದವಿ ಉಳಿಸಿಕೊಂಡಿತು ಎಂದರೆ, ಪ್ರತಿ ಗರುಡನೂ ಸಾಯುವ ಮೊದಲು ಮಕ್ಕಳನ್ನು ಬೆಳೆಸಿ, ಹೊಲಮನೆ ನೋಡಿಕೊಂಡು, ಮಾತನ್ನು ಮುಂದಿನವನ ಕೈಗೆ ದಾಟಿಸಿದ ಎಂದಾಯಿತು. ನಿಮ್ಮ ಆಟಕ್ಕೆ ಬೇಕಾದ ಸರಕು ಆ ನಡುವಿನ ವರ್ಷಗಳಲ್ಲಿದೆ.

ಇನ್ನೊಂದು ವಿಷಯ. ಒಡೆಯನಿಗೆ ಜೀವ ಒಪ್ಪಿಸುವ ಕಟ್ಟುಪಾಡು ನಮ್ಮಲ್ಲಿ ಒಂದೇ ಬಗೆಯದಲ್ಲ. ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳು ಬರುತ್ತವೆ. ಜೋಳವಾಳಿ ಎಂದರೆ ಉಂಡ ಜೋಳದ ಋಣ. ಒಡೆಯ ಹೊಟ್ಟೆಗೆ ಹಾಕಿದ್ದಾನೆ, ಯುದ್ಧ ಬಂದರೆ ಅವನ ಪರವಾಗಿ ಕಾದುತ್ತೇನೆ, ಬಿದ್ದರೆ ಬೀಳುತ್ತೇನೆ. ‘ಉಂಡ ಮನೆಯ ಜಂತೆ ಎಣಿಸಬೇಡ’ ಎಂದು ಇವತ್ತಿಗೂ ಅಜ್ಜಿಯರು ಹೇಳುವುದು ಇದೇ ಲೆಕ್ಕದ ಮಾತು. ವೇಳೆವಾಳಿ ಇದಕ್ಕಿಂತ ಗಡುಸು: ಒಡೆಯನಿಗೆ ಕೊನೆಯ ವೇಳೆ ಬಂದಾಗ ನಾನೂ ಇರುವುದಿಲ್ಲ ಎಂಬ ಭಾಷೆ. ಲೆಂಕವಾಳಿ ಒಡೆಯನಿಗೆ ತನ್ನನ್ನೇ ಒಪ್ಪಿಸಿಕೊಂಡ ಲೆಂಕನ, ಅಂದರೆ ಆಳಿನ ಕಟ್ಟು. ಗರುಡ ಈ ಏಣಿಯ ಕೊನೆಯ ಮೆಟ್ಟಿಲು. 3ನೇ ಲೆವೆಲ್‌ನ ಪಾತ್ರವನ್ನು ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಿದರೆ ಅವನಿಗೆ ಏರುವುದಕ್ಕೆ ಜಾಗವಿಲ್ಲ. ಜೋಳವಾಳಿಯಿಂದ ಶುರುಮಾಡಿ. 5ನೇ ಲೆವೆಲ್‌ನ ಆಸುಪಾಸಿನಲ್ಲಿ ಲೆಂಕನಾಗಲಿ. ತೊಡರು ಕಾಲಿಗೆ ಬರುವುದು 10ರ ನಂತರ, ಅದೂ ಆಟದಲ್ಲಿ ನಡೆದ ಒಂದು ದೊಡ್ಡ ಘಟನೆಯ ಮೇಲೆ. ಈಗ ನಾಲ್ಕು ಸೆಷನ್ ಅವನನ್ನು ಗರುಡ ಎಂದು ಕರೆದಾಗಿದೆಯಲ್ಲ ಎಂದರೆ, ಅದು ಅವನ ಮನೆತನದ ಹೆಸರು ಎಂದುಬಿಡಿ. ಅಪ್ಪ ಗರುಡ, ಇವನಿನ್ನೂ ಉಮೇದುವಾರ.

ಈಗ ಒಂದು ಚಿಕ್ಕ ಕಾರ್ಡ್ ತೆಗೆದುಕೊಂಡು ನಾಲ್ಕು ಸಾಲು ಬರೆಯಿರಿ: ಉಂಡದ್ದು, ಆಡಿದ್ದು, ಬಿಟ್ಟದ್ದು, ಬರಬೇಕಾದದ್ದು. ಸಾಲಿಗೆ ಹದಿನೈದು ಪದ ಮೀರಬಾರದು. ಮೀರಿದರೆ ಆಟದ ನಡುವೆ ಯಾರೂ ಓದುವುದಿಲ್ಲ, ನೀವೂ ಓದುವುದಿಲ್ಲ.

‘ಉಂಡದ್ದು’ ಸಾಲಿನಲ್ಲಿ ರಾಜಭಕ್ತಿ ಎಂದು ಬರೆದರೆ ಹಾಳು. ಕಾಣುವಂಥದ್ದು ಇರಲಿ. ಪಾತ್ರದ ಹೆಸರು ಮಸಣ ಎಂದಿಟ್ಟುಕೊಳ್ಳಿ (ಹಳೆಯ ಶಾಸನಗಳ ಹೆಸರು, ಕೇಳಿದರೆ ಮರೆಯುವುದಿಲ್ಲ). ‘ಬರದ ವರ್ಷ ಅರಮನೆಯ ಕಣಜದಿಂದ ನಮ್ಮ ಮನೆಗೆ ಮೂರು ಚೀಲ ಜೋಳ ಬಂತು, ತಂಗಿ ಉಳಿದಳು.’ ಇಷ್ಟು ಸಾಕು. ಇನ್ನು ಈ ತಂಗಿಯನ್ನು ಡಿಎಂ ಬಳಸಬಹುದು, ಕಣಜದ ಲೆಕ್ಕದವನನ್ನು ಬಳಸಬಹುದು, ಆ ವರ್ಷ ಜೋಳ ಸಿಗದೆ ಸತ್ತ ಪಕ್ಕದ ಮನೆಯವನ ಮಗನನ್ನೂ ಬಳಸಬಹುದು.

ಹೆಚ್ಚಿನವರು ಎಡವುವುದು ‘ಆಡಿದ್ದು’ ಸಾಲಿನಲ್ಲಿ. ಹಳಗನ್ನಡದಲ್ಲಿ ಪ್ರತಿಜ್ಞೆಗೆ ‘ಭಾಷೆ’ ಎನ್ನುತ್ತಿದ್ದರು. ಭಾಷೆ ಕೊಡುವುದು, ಭಾಷೆಗೆ ತಪ್ಪುವುದು ಇಂದಿಗೂ ನಮಗೆ ಅರ್ಥವಾಗುತ್ತದೆ. ‘ಒಡೆಯನನ್ನು ಸದಾ ಕಾಯುತ್ತೇನೆ’ ಎಂಬುದು ಆಟಕ್ಕೆ ಒದಗದ ಭಾಷೆ, ಏಕೆಂದರೆ ಒಡೆಯ ಅರಮನೆಯಲ್ಲಿ, ನಿಮ್ಮ ಗುಂಪು ಕಾಡಿನಲ್ಲಿ. ನೀವು ಕಾಡಿಗೆ ಹೋದ ಕ್ಷಣವೇ ಭಾಷೆ ಮುರಿಯಿತು, ಇಲ್ಲವೇ ಅದಕ್ಕೆ ಅರ್ಥವಿಲ್ಲ. ಬದಲಿಗೆ ಹೀಗೆ: ‘ಒಡೆಯನ ಮುದ್ರೆ ಹೊತ್ತವರ ಪಕ್ಕದಲ್ಲಿ ನಾನಿರುವಾಗ ಅವರ ರಕ್ತ ನನ್ನ ರಕ್ತಕ್ಕಿಂತ ಮೊದಲು ನೆಲಕ್ಕೆ ಬೀಳಬಾರದು.’ ಈ ಮಾತನ್ನು ಪ್ರತಿ ಕಾಳಗದಲ್ಲೂ ಪರೀಕ್ಷಿಸಬಹುದು, ಮೇಜಿನ ಸುತ್ತ ಕೂತ ಎಲ್ಲರಿಗೂ ಅದು ಉಳಿಯಿತೋ ಹೋಯಿತೋ ಕಾಣುತ್ತದೆ. ಮುದ್ರೆ ಯಾರ ಹತ್ತಿರ? ಗುಂಪಿನ ಇನ್ನೊಬ್ಬ ಆಟಗಾರನ ಹತ್ತಿರ ಇರಲಿ, ವಿಜರ್ಡ್ (ಮಂತ್ರವಾದಿ) ಆದರೆ ಚೆನ್ನ. ಒಂದು ಎಚ್ಚರಿಕೆ: ಅವನು ಮುದ್ರೆ ಹೊತ್ತವನಷ್ಟೇ, ಒಡೆಯನಲ್ಲ. ಗೆಳೆಯನನ್ನೇ ಒಡೆಯ ಮಾಡಿದರೆ ಎರಡು ವಾರದಲ್ಲಿ ಅವನು ಅಪ್ಪಣೆ ಕೊಡುವುದಕ್ಕೂ ನೀವು ಸಿಡಿಮಿಡಿಗೊಳ್ಳುವುದಕ್ಕೂ ಶುರುವಾಗುತ್ತದೆ, ಆಟ ಮುಗಿದ ಮೇಲೆ ಗಾಂಧಿ ಬಜಾರಿನ ಕಾಫಿಯವರೆಗೂ ಅದು ಮುಂದುವರಿಯುತ್ತದೆ.

‘ಬಿಟ್ಟದ್ದು’ ಎಂದರೆ ಈ ಋಣಕ್ಕಾಗಿ ಅವನು ಕೈಬಿಟ್ಟ ಒಂದು ಸಂಗತಿ. ಅಣ್ಣನ ಜೊತೆ ಹೊಲ, ಕುಸ್ತಿಯ ಮಟ್ಟಿ, ಒಬ್ಬಳು ಹುಡುಗಿ, ಏನಾದರೂ ಒಂದೇ ಒಂದು. ‘ಬರಬೇಕಾದದ್ದು’ ಮುಂದಿನ ಭಾಗಕ್ಕೆ ಸೇರಿದ್ದು, ಅದಕ್ಕೆ ಬೆಂಗಳೂರಿನ ಕಲ್ಲುಗಳನ್ನೇ ಕೇಳಬೇಕು.

ವೀರಗಲ್ಲನ್ನು ಓದಲು ಕಲಿತರೆ ಅದೇ ಒಂದು ಕ್ಯಾರೆಕ್ಟರ್ ಶೀಟ್. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಕಾಳಗ: ಕೈಯಲ್ಲಿ ಯಾವ ಆಯುಧ, ಎದುರಿಗೆ ಎಷ್ಟು ಜನ, ಕುದುರೆಯೋ ಆನೆಯೋ, ಪಕ್ಕದಲ್ಲಿ ದನಗಳಿವೆಯೋ. ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಶಿವಲಿಂಗದ ಸನ್ನಿಧಿ, ಸೂರ್ಯ ಚಂದ್ರ. ಬರಹವಿದ್ದರೆ ಅದರಲ್ಲಿ ಆಳುವ ದೊರೆ, ಸ್ಥಳೀಯ ಒಡೆಯ, ಕಾಳಗದ ಕಾರಣ, ಸತ್ತವನ ಹೆಸರು, ಕಲ್ಲು ನಿಲ್ಲಿಸಿದವರು, ಕೊಟ್ಟ ಭೂಮಿ. ಕಾರಣಗಳಿಗೂ ಹೆಸರುಗಳಿವೆ: ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋದದ್ದು, ಊರಳಿವು ಎಂದರೆ ಊರಿನ ಮೇಲೆ ಬಿದ್ದದ್ದು, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆಗೆ ಓಗೊಟ್ಟು ಕಾದಿದ್ದು. ಸತ್ತವನ ಮನೆಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಹೆಸರುಗಳು. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಕತ್ತಿ ತೊಳೆದು ಕೊಟ್ಟ ನೆಲ! ನಾಲ್ಕನೇ ಸಾಲಿಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು.

ಬೊಮ್ಮನಹಳ್ಳಿಯಿಂದ ಒಳಗೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು 890ರ ಶಾಸನವೊಂದಿದೆ; ‘ಬೆಂಗಳೂರ ಕಾಳಗ’ದಲ್ಲಿ ನಾಗತ್ತರನ ಮಗ ಬುಟ್ಟಣ ಸತ್ತ ಎಂದು ಅದು ಹೇಳುತ್ತದೆ. ನಮ್ಮ ಊರಿನ ಹೆಸರು ಅಷ್ಟು ಹಿಂದೆಯೇ ಸಿಗುವುದು ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗ ದೊರೆ ಎರೆಯಪ್ಪ, ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳಿಸಿದ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಎದುರು ಕಾದುತ್ತಾ ನಾಗತ್ತರ ಆನೆಗಳ ನಡುವೆ ಬಿದ್ದ. ಸುದ್ದಿ ತಿಳಿದು ಎರೆಯಪ್ಪ ಏನು ಮಾಡಿದ? ಇರುಗ ಎಂಬವನಿಗೆ ನಾಗತ್ತರ ಪಟ್ಟವನ್ನೇ ಕಟ್ಟಿ, ಬೆಂಪೂರು ಹನ್ನೆರಡನ್ನು (ಹನ್ನೆರಡು ಹಳ್ಳಿಗಳ ಗುಂಪು) ಕಲ್ನಾಡಾಗಿ ಕೊಟ್ಟ. ಅಂದರೆ ಸತ್ತವನ ಹೆಸರು ಪಟ್ಟವಾಯಿತು, ಆ ಪಟ್ಟವನ್ನು ಇನ್ನೊಬ್ಬ ಹೊತ್ತ.

ನಿಮ್ಮ ಪ್ರಶ್ನೆಗೆ ಉತ್ತರ ಈ ಕಲ್ಲಿನಲ್ಲೇ ಇದೆ. ಮಸಣ ಸತ್ತರೆ ಅವನ ಪಟ್ಟ ನಿಮ್ಮ ಮುಂದಿನ ಪಾತ್ರಕ್ಕೆ ದಾಟುತ್ತದೆ. ತಂಗಿಯೇ ಹೊರಬಹುದು, ಅವನ ಕುದುರೆ ನೋಡಿಕೊಳ್ಳುತ್ತಿದ್ದ ಹುಡುಗ ಹೊರಬಹುದು. (ಹೆಂಗಸು ಕತ್ತಿ ಹಿಡಿಯುವುದು ಆ ಕಾಲಕ್ಕೆ ಹೊಂದುತ್ತದೆಯೇ ಎಂದು ಯಾರಾದರೂ ತಕರಾರು ತೆಗೆದರೆ, 11ನೇ ಶತಮಾನದಲ್ಲಿ ನಾಡನ್ನು ಆಳಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ ಚಾಲುಕ್ಯರ ಅಕ್ಕಾದೇವಿಯನ್ನು ತೋರಿಸಿ.) ನಿಯಮ ಸರಳವಾಗಿರಲಿ: ಹೊಸ ಪಾತ್ರ ಗುಂಪಿನ ಉಳಿದವರ ಲೆವೆಲ್‌ನಲ್ಲೇ ಬರುತ್ತದೆ, ಹಳೆಯವನ ಒಂದೇ ಒಂದು ವಸ್ತು, ಒಂದು ಬಿರುದು ಮತ್ತು ಕಾರ್ಡಿನ ‘ಉಂಡದ್ದು’ ಸಾಲು ಅದಕ್ಕೆ ಸೇರುತ್ತವೆ. ‘ಆಡಿದ್ದು’ ಸಾಲನ್ನು ಹೊಸಬರು ತಾವೇ ಬರೆಯಬೇಕು. ಎಲ್ಲ ಸಾಮಾನನ್ನೂ ದಾಟಿಸಿದರೆ ಸಾವಿಗೆ ಬೆಲೆಯಿರುವುದಿಲ್ಲ, ಏನೂ ದಾಟದಿದ್ದರೆ ನಾಲ್ಕು ತಿಂಗಳ ಕಥೆ ಒಂದು ಕೆಟ್ಟ ಡೈಸ್‌ಗೆ ಹೋಯಿತು.

ಇನ್ನು ದೊರೆಯ ಸಾವು. ಡಿಎಂ ಜೊತೆ ಮೊದಲೇ ಕೂತು ಇದನ್ನು ಮಾತಾಡಿ, ಆಟದ ನಡುವೆ ಅಲ್ಲ. ಒಡೆಯ ದೂರದಲ್ಲಿರಲಿ. ಸಾಧಾರಣ ನಡಿಗೆಯಲ್ಲಿ ನಿಯಮದ ಲೆಕ್ಕ ದಿನಕ್ಕೆ 24 ಮೈಲಿ, ಸುಮಾರು 39 ಕಿ.ಮೀ. ಹತ್ತು ದಿನದ ದಾರಿಯಾದರೆ ಸಾವಿನ ಸುದ್ದಿಗಿಂತ ಮೊದಲು ಗಾಳಿಸುದ್ದಿ ಬರುತ್ತದೆ. ಗಾಳಿಸುದ್ದಿ ಕೇಳಿ ಜೀವ ಬಿಡುವುದು ಭಾಷೆಯಲ್ಲ, ಅವಸರ. ಮಸಣ ಹೋಗಿ ಕಣ್ಣಾರೆ ನೋಡಬೇಕು. ಆ ಪ್ರಯಾಣವೇ ಮೂರು ನಾಲ್ಕು ಸೆಷನ್ ಆಗುತ್ತದೆ. ಈ ಉಪಾಯವನ್ನು ಡಿಎಂ ಒಂದೇ ಸಲ ಬಳಸಬೇಕು. ಎರಡನೇ ಸಲ ‘ದೊರೆ ಸತ್ತನಂತೆ’ ಎಂದರೆ ಮೇಜಿನ ಸುತ್ತ ನಗು.

ಒಡೆಯ ನಿಜವಾಗಿ ಸತ್ತರೆ ಮೂರು ದಾರಿ. ಮಸಣ ಇನ್ನೂ ಜೋಳವಾಳಿಯಲ್ಲೇ ಇದ್ದರೆ ಋಣ ಆ ಮನೆಯದು ಎಂದುಕೊಂಡು ವಾರಸುದಾರನ ಕಡೆಗೆ ತಿರುಗಬಹುದು. ವಾರಸುದಾರ ಕೈಲಾಗದವನಾದರೆ ಕಥೆಗೆ ಇನ್ನೂ ಒಳ್ಳೆಯದು. ಗರುಡನಾಗಿದ್ದರೆ, ಮತ್ತು ನೀವೂ ಡಿಎಂ ಇಬ್ಬರೂ ಒಪ್ಪಿ ದಿನ ಗೊತ್ತುಮಾಡಿದ್ದರೆ, ಅಭಿಯಾನದ ಕೊನೆಯ ಸೆಷನ್‌ನಲ್ಲಿ ಅವನು ಭಾಷೆ ಉಳಿಸಿಕೊಳ್ಳಬಹುದು. ಆಗಲೂ ಆ ಘಳಿಗೆಯನ್ನು ಬಣ್ಣಿಸಲು ಹೋಗಬೇಡಿ. ಆತ್ಮಾಹುತಿಯ ದೃಶ್ಯ ಮೇಜಿನ ಸುತ್ತ ಕೂತವರಲ್ಲಿ ಯಾರಿಗೆ ಎಲ್ಲಿ ನಾಟುತ್ತದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಮೊದಲೇ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಒಬ್ಬರು ಬೇಡವೆಂದರೂ ಬಿಟ್ಟುಬಿಡಿ. ಒಪ್ಪಿದರೂ ಅವನು ತೊಡರು ಸರಿಮಾಡಿಕೊಂಡು ಒಳಗೆ ಹೋದ, ಮರುದಿನ ಕಲ್ಲು ಕೆತ್ತುವವನನ್ನು ಕರೆಸಿದರು, ಇಷ್ಟು ಸಾಕು.

ಮೂರನೆಯ ದಾರಿ ಅವನು ಭಾಷೆಗೆ ತಪ್ಪಿ ಬದುಕುವುದು. ನನಗೆ ಇದೇ ಹೆಚ್ಚು ಆಡಬಹುದಾದದ್ದು ಎನಿಸುತ್ತದೆ. ಕಲ್ಲು ನಿಲ್ಲಿಸಿದ್ದು ಮಾತು ಉಳಿಸಿಕೊಂಡವರಿಗೆ. ತಪ್ಪಿದವರಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ? ಹಾಗಾಗಿ ಅವರ ಕಥೆ ನಮಗೆ ಬಂದಿಲ್ಲ, ಅದನ್ನು ಕಟ್ಟುವುದಕ್ಕೆ ನಿಮಗೆ ಪೂರ್ತಿ ಸ್ವಾತಂತ್ರ್ಯ. ಬಾಳ್ಗಚ್ಚಿನ ಭೂಮಿ ಹೋಯಿತು, ತಂಗಿಯ ಮದುವೆ ಮುರಿಯಿತು, ಜೊತೆಗಿದ್ದ ಲೆಂಕರೆಲ್ಲ ಹೋದರು, ಇವನೊಬ್ಬ ಉಳಿದ. ಎಡಗಾಲಲ್ಲಿ ತೊಡರಿನ ಗುರುತು ಇನ್ನೂ ಇದೆ. ಉಳಿದ ನಾಲ್ವರೂ ಜೊತೆಗೇ ಬರಬಹುದಾದ ದಾರಿ ಇದೊಂದೇ.

ನಿಯಮದ ಕಡೆಗೆ ಬರೋಣ. ಹೊಸ ಕ್ಲಾಸ್ ಏಕೆ ಬೇಡ ಎಂದರೆ, ಮನೆಯಲ್ಲಿ ಕಟ್ಟಿದ ಕ್ಲಾಸಿಗೆ ಯಾವಾಗಲೂ ಒಂದು ಕಡೆ ಉಪ್ಪು ಜಾಸ್ತಿಯಾಗುತ್ತದೆ. ನಿಮ್ಮ ಡಿಎಂ ಬಹುಶಃ ‘ಒಡೆಯನನ್ನು ಕಾಯುವಾಗ ಎಲ್ಲ ಏಟಿಗೂ ಅಡ್ವಾಂಟೇಜ್’ (ಡೈಸ್ ಎರಡು ಸಲ ಹಾಕಿ ದೊಡ್ಡ ಅಂಕ ಎತ್ತಿಕೊಳ್ಳುವುದು) ಎಂದು ಬರೆಯುತ್ತಾನೆ. ಕೇಳುವುದಕ್ಕೆ ಚಿಕ್ಕದು. ಲೆಕ್ಕ ಹಾಕಿ: ಡಿ20ಯಲ್ಲಿ (ಇಪ್ಪತ್ತು ಮುಖದ ಡೈಸ್) 11 ಬೇಕಾದ ಏಟು ತಗಲುವ ಸಂಭವ ನೂರಕ್ಕೆ 50, ಅಡ್ವಾಂಟೇಜ್ ಕೊಟ್ಟರೆ 75. ಅದು +5 ಕೊಟ್ಟ ಹಾಗೆ. 16 ಬೇಕಾದಾಗ 25 ಇದ್ದದ್ದು ಸುಮಾರು 44 ಆಗುತ್ತದೆ. 5ನೇ ಲೆವೆಲ್‌ನಲ್ಲಿ ಫೈಟರ್‌ಗೆ ಸರದಿಗೆ ಎರಡು ಏಟು. ಮುದ್ರೆ ಹೊತ್ತವನು ದಿನವೂ ಪಕ್ಕದಲ್ಲೇ ಇರುತ್ತಾನೆ, ಆದ್ದರಿಂದ ಇದು ಪ್ರತಿ ಕಾಳಗದ ಪ್ರತಿ ಸರದಿ. ನಿಮ್ಮ ರೋಗ್ (ಕಳ್ಳನ ಪಾತ್ರ) ಆಡುವ ಗೆಳೆಯ ಅಡ್ವಾಂಟೇಜ್‌ಗಾಗಿ ಕತ್ತಲಲ್ಲಿ ಅಡಗಿಕೊಂಡು ಪಡುವ ಪಾಡು ನೆನಪಿಸಿಕೊಳ್ಳಿ.

ಪುಸ್ತಕದಲ್ಲಿರುವುದೇ ಸಾಕು. ಫೈಟರ್‌ನ ಫೈಟಿಂಗ್ ಸ್ಟೈಲ್‌ಗಳಲ್ಲಿ ಪ್ರೊಟೆಕ್ಷನ್ ಎಂದಿದೆ: 5 ಅಡಿಯೊಳಗಿರುವ ಇನ್ನೊಬ್ಬರ ಮೇಲೆ ನಿಮಗೆ ಕಾಣುವ ಶತ್ರು ಏಟು ಹಾಕಿದರೆ, ನಿಮ್ಮ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡಬಹುದಾದ ಪ್ರತಿಕ್ರಿಯೆ) ಖರ್ಚು ಮಾಡಿ ಆ ಏಟಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಹಾಕಿ ಚಿಕ್ಕ ಅಂಕ) ಕೊಡಬಹುದು, ಕೈಯಲ್ಲಿ ಗುರಾಣಿ ಇರಬೇಕು. ಗರುಡನ ಕೆಲಸ ಇದೇ. ಬೇರೆ ಸ್ಟೈಲ್ ಆರಿಸಿದ್ದರೆ 4ನೇ ಲೆವೆಲ್‌ಗೆ ಏರುವಾಗ ಬದಲಿಸಿಕೊಳ್ಳುತ್ತೇನೆ ಎಂದು ಡಿಎಂಗೆ ಕೇಳಿ. ಇಲ್ಲಿ ಆಗುವ ತಪ್ಪು ಎರಡು. ಒಂದು, ರಿಯಾಕ್ಷನ್ ಸುತ್ತಿಗೆ ಒಂದೇ, ಇದಕ್ಕೆ ಬಳಸಿದರೆ ಓಡಿಹೋಗುವವನಿಗೆ ಏಟು ಹಾಕುವ ಅವಕಾಶ ಹೋಯಿತು. ಎರಡು, ವಿಜರ್ಡ್ ಅಭ್ಯಾಸಬಲದಿಂದ 30 ಅಡಿ ಹಿಂದೆ ನಿಲ್ಲುತ್ತಾನೆ, ನೀವು ಮುಂದೆ ನುಗ್ಗುತ್ತೀರಿ, ಸ್ಟೈಲ್ ಇಡೀ ದಿನ ಜೇಬಲ್ಲೇ ಇರುತ್ತದೆ. ಮ್ಯಾಪಿನಲ್ಲಿ ಒಂದೇ ಚೌಕದ ಅಂತರ ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ.

ಭಾಷೆಗೆ ಪ್ರತಿಫಲ ಇನ್‌ಸ್ಪಿರೇಷನ್ (ಪಾತ್ರಕ್ಕೆ ತಕ್ಕಂತೆ ಆಡಿದ್ದಕ್ಕೆ ಡಿಎಂ ಕೊಡುವ, ಒಂದು ಸಲ ಅಡ್ವಾಂಟೇಜ್ ತರುವ ಬಹುಮಾನ) ಮೂಲಕ ಬರಲಿ. ಭಾಷೆ ಉಳಿಸಿಕೊಂಡದ್ದಕ್ಕೆ ಮಸಣನಿಗೆ ನಷ್ಟವಾಗಿರಬೇಕು, ಹಣವೋ ರಕ್ತವೋ ಮಾನವೋ. ನಷ್ಟವಿಲ್ಲದೆ ಬರೀ ಭಾಷಣ ಮಾಡಿದರೆ ಇಲ್ಲ. ಸೆಷನ್‌ಗೆ ಒಂದು ಸಲ ಮಾತ್ರ. ಅದು ಕೂಡಿಡುವಂಥದ್ದೂ ಅಲ್ಲ, ಇದೆ ಅಥವಾ ಇಲ್ಲ, ಅಷ್ಟೇ. ಭಾಷೆ ತಪ್ಪಿದಾಗ ಶಿಕ್ಷೆಯ ಅಂಕ ಬೇಡವೇ ಬೇಡ. ಪ್ಯಾಲಡಿನ್ (ಪ್ರತಿಜ್ಞೆಯಿಂದಲೇ ಶಕ್ತಿ ಪಡೆಯುವ ವೀರ) ಆಡಿದವರಿಗೆ ಗೊತ್ತು, ಶಕ್ತಿ ಕಿತ್ತುಕೊಳ್ಳುವ ಡಿಎಂ ಎದುರು ಆಟಗಾರ ವಕೀಲನಾಗುತ್ತಾನೆ. ಅದರ ಬದಲು ಊರಿನವರು ಮಾತಾಡಿಕೊಳ್ಳಲಿ.

ಆಯುಧಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕತ್ತಿ ಗುರಾಣಿಗೆ ಲಾಂಗ್‌ಸ್ವೋರ್ಡ್‌ನ ಡಿ8 (ಎಂಟು ಮುಖದ ಡೈಸ್), ಕಠಾರಿಗೆ ಶಾರ್ಟ್‌ಸ್ವೋರ್ಡ್‌ನ ಡಿ6, ಈಟಿ ಮತ್ತು ಕವಣೆ ಪುಸ್ತಕದಲ್ಲೇ ಇವೆ. ನಿಯಮದಲ್ಲಿ ಲಾಂಗ್‌ಸ್ವೋರ್ಡ್ 3 ಪೌಂಡು, ಅಂದರೆ ಸುಮಾರು 1.36 ಕಿಲೋ, ಕೈಗೆ ಒಗ್ಗುವ ಕತ್ತಿಯ ತೂಕವೇ ಅಷ್ಟು. ಹತ್ತು ಕಿಲೋ ಕತ್ತಿ ನಾಟಕದ ಸಂಭಾಷಣೆಯಲ್ಲಿ ಮಾತ್ರ. ಕವಚದ ವಿಷಯದಲ್ಲಿ ಒಂದು ಮಜಾ ಇದೆ: ಚೈನ್‌ಮೇಲ್ (ಸರಪಳಿ ಕವಚ) 55 ಪೌಂಡು, ಸುಮಾರು 25 ಕಿಲೋ. ಸುಮಾರು 38 ಡಿಗ್ರಿ ಮೀರಿದ ಬಿಸಿಲಲ್ಲಿ ಕುಡಿಯಲು ನೀರಿಲ್ಲದಿದ್ದರೆ ಪ್ರತಿ ಗಂಟೆಯ ಕೊನೆಗೆ ಕಾನ್‌ಸ್ಟಿಟ್ಯೂಷನ್ ಸೇವ್ (ಮೈ ತಾಳುತ್ತದೆಯೇ ಎಂಬ ಡೈಸ್) ಹಾಕಬೇಕು, ಮೊದಲ ಗಂಟೆಗೆ ಡಿಸಿ (ಮುಟ್ಟಬೇಕಾದ ಅಂಕ) 5, ಆಮೇಲೆ ಗಂಟೆಗೆ ಒಂದೊಂದು ಹೆಚ್ಚು. ಮೀಡಿಯಂ ಅಥವಾ ಹೆವಿ ಕವಚ ತೊಟ್ಟವರಿಗೆ ಡಿಸ್‌ಅಡ್ವಾಂಟೇಜ್. ಬಯಲುಸೀಮೆಯ ಬೇಸಿಗೆಯನ್ನು ಡಿಎಂ ಒಮ್ಮೆ ನಿಯಮದ ಪ್ರಕಾರ ನಡೆಸಿದರೆ, ನೈಟ್ ತಾನಾಗಿಯೇ ಕವಚ ಬಿಚ್ಚಿಡುತ್ತಾನೆ.

ಗರುಡನಿಗೆ ತಕ್ಕ ಸಾಹಸವೂ ಬೇಕಲ್ಲ. ಡ್ರ್ಯಾಗನ್ ಗುಹೆಗೆ ಮೊದಲು ಒಂದು ತುರುಗಾಳಗ ಆಡಿಸಲು ಡಿಎಂಗೆ ಹೇಳಿ. ಅಂಕಿ ಸಹಿತ ಇಲ್ಲಿದೆ. ಸಂಜೆ ಊರಿನ ದನ ಹೋದವು, ಗುಂಪಿಗೆ ತಿಳಿದು ಹೊರಡುವಷ್ಟರಲ್ಲಿ 4 ಗಂಟೆ ಕಳೆದಿದೆ. ದನ ಹೊಡೆದುಕೊಂಡು ಹೋಗುವವರು ಗಂಟೆಗೆ 3 ಕಿ.ಮೀ.ಗಿಂತ ಹೆಚ್ಚು ಹೋಗಲಾರರು ಎಂದಿಟ್ಟುಕೊಳ್ಳಿ, ಆದ್ದರಿಂದ 12 ಕಿ.ಮೀ. ಮುಂದಿದ್ದಾರೆ. ಗಡಿ ಊರಿನಿಂದ 24 ಕಿ.ಮೀ.; ದಾಟಿದರೆ ಅದು ಇನ್ನೊಬ್ಬ ಒಡೆಯನ ನೆಲ. ಅವರಿಗೆ ಇನ್ನು 4 ಗಂಟೆ ಬೇಕು. ಗುಂಪು ಸಾಧಾರಣ ನಡಿಗೆಯಲ್ಲಿ, ಅಂದರೆ ಗಂಟೆಗೆ 4.8 ಕಿ.ಮೀ. ಹೋದರೆ ಅಂತರ ಮುಚ್ಚಲು 6 ಗಂಟೆ 40 ನಿಮಿಷ. ಕೆಲಸ ಕೆಟ್ಟಿತು. ಬಿರುಸು ನಡಿಗೆಯಲ್ಲಿ ಗಂಟೆಗೆ 6.4 ಕಿ.ಮೀ., ಸುಮಾರು ಮೂರೂವರೆ ಗಂಟೆಗೆ, ಗಡಿ ಇನ್ನೂ ಒಂದೂವರೆ ಕಿ.ಮೀ. ದೂರವಿರುವಾಗ ಹಿಡಿಯಬಹುದು. ಆದರೆ ಬಿರುಸು ನಡಿಗೆಗೆ ಪ್ಯಾಸಿವ್ ಪರ್ಸೆಪ್ಷನ್‌ನಲ್ಲಿ (ಸುತ್ತಲಿನದು ತಾನಾಗಿ ಗಮನಕ್ಕೆ ಬರುವ ಅಂಕ) 5 ಕಡಿತ, ಕಳ್ಳರ ಹಿಂದಣಿಯವರು ಪೊದೆಯಲ್ಲಿ ಕೂತಿದ್ದಾರೆ. ಮುದ್ರೆ ಹೊತ್ತವನನ್ನು ಕರೆದುಕೊಂಡು ಮಸಣ ಬಿರುಸಾಗಿ ನಡೆಯಬೇಕೆ? ಗಡಿ ದಾಟಬೇಕೆ? ಯಾವ ಡೈಸ್ ಹಾಕುವ ಮೊದಲೇ ಆಟ ಬಿಗಿಯಾಯಿತು. ಕಾಳಗದಲ್ಲಿ ದನ ಬೆದರಿ ಚದುರಿದರೆ ಗೆದ್ದೂ ಸೋತಂತೆ, ಅದನ್ನೂ ನೆನಪಿಡಿ.

ಗೆದ್ದ ಮೇಲೆ ಒಡೆಯ ‘ಏನು ಬೇಕು ಕೇಳು’ ಎನ್ನುತ್ತಾನೆ. ಇಲ್ಲಿ +1 ಕತ್ತಿ (ಮಾಯಾ ಕತ್ತಿ) ಕೇಳುವ ಮೊದಲು ಆತಕೂರಿನ ಶಾಸನ ನೆನಪಿರಲಿ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆ ಕಾದಿದ ಗಂಗ ದೊರೆ ಇಮ್ಮಡಿ ಬೂತುಗ, ತನ್ನ ಆಳು ಮಣಲೆರನಿಗೆ ಮೆಚ್ಚಿ ಬೇಕಾದ್ದು ಕೇಳೆಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಅದು ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲೂ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಬಂದಿದೆ. ನಿಮ್ಮ ನಿಯಮದಲ್ಲಿ ಮ್ಯಾಸ್ಟಿಫ್ ನಾಯಿಗೆ 5 ಹಿಟ್ ಪಾಯಿಂಟ್ (ಜೀವದ ಅಂಕ), ಕಾಡುಹಂದಿಗೆ 11, ಜೊತೆಗೆ ಒಂದು ಸಲ ಸಾವಿನ ಏಟಿನಿಂದ 1ಕ್ಕೆ ಉಳಿದುಕೊಳ್ಳುವ ಗುಣ. ಕಾಳಿಗೆ ಸ್ವಲ್ಪ ಹೆಚ್ಚು ಹಿಟ್ ಪಾಯಿಂಟ್ ಕೊಡಿ ಎಂದು ಡಿಎಂಗೆ ಕೇಳಿದರೆ ತಪ್ಪಿಲ್ಲ. ಬಿರುದಿಗೂ ಇದೇ ಮಾತು. ಹೊಯ್ಸಳರು ‘ಮಲಪರೊಳ್ಗಂಡ’ ಎಂದು ಬರೆಸಿಕೊಂಡಂತೆ ಮಸಣನಿಗೂ ಒಂದು ಬಿರುದು ಬರಲಿ, ಆದರೆ ಅದನ್ನು ಉಳಿದ ನಾಲ್ವರು ಆಟಗಾರರು ಕೊಡಬೇಕು, ನೀವು ಇಟ್ಟುಕೊಳ್ಳಬಾರದು.

ಕಾಲ ಬೆರೆಸಬೇಡಿ, ಅಥವಾ ಬೆರೆಸುತ್ತಿದ್ದೇವೆ ಎಂದು ಗೊತ್ತಿದ್ದು ಬೆರೆಸಿ. ಮೈಸೂರು ರಾಕೆಟ್‌ಗಳು ಪೊಲ್ಲಿಲೂರಿನಲ್ಲಿ ಹಾರಿದ್ದು 1780ರಲ್ಲಿ, ಲಕ್ಷ್ಮನಿಗೂ ಅದಕ್ಕೂ 560 ವರ್ಷದ ಅಂತರ. ಹೊಯ್ಸಳರ ಛತ್ರದಲ್ಲಿ ಮೆಣಸಿನಕಾಯಿ ಬಜ್ಜಿಯೂ ಇರಲಿಲ್ಲ, ಪೋರ್ಚುಗೀಸರು ಬರುವವರೆಗೆ ನಮ್ಮ ಖಾರ ಹೆಚ್ಚಾಗಿ ಕಾಳುಮೆಣಸಿನದು. ದ್ವಂದ್ವಯುದ್ಧ ಬೇಕೆಂದರೆ ವಿಜಯನಗರಕ್ಕೆ ಬನ್ನಿ: ಮಂತ್ರಿಯ ಅಪ್ಪಣೆ ಪಡೆದು ಕಾದಬೇಕು, ಸತ್ತವನ ಆಸ್ತಿ ಗೆದ್ದವನಿಗೆ ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅದೊಂದು ಬೇರೆಯೇ ಪಾತ್ರ.

ಒಂದು ಗೆರೆ ಮಾತ್ರ ದಾಟಬೇಡಿ. ಕರಗದ ವೀರಕುಮಾರರು ಪ್ರತಿ ಚೈತ್ರ ಹುಣ್ಣಿಮೆಗೆ ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕತ್ತಿ ಹಿರಿದು ಹೊರಡುತ್ತಾರೆ. ಅಲಗು ಸೇವೆ ಅವರಿಗೆ ವ್ರತ. ತುಳುನಾಡಿನ ಗರೋಡಿಗಳಲ್ಲಿ ಕೋಟಿ ಚೆನ್ನಯರಿಗೆ ಇಂದಿಗೂ ಸೇವೆ ನಡೆಯುತ್ತದೆ. ಕೊಡಗಿನಲ್ಲಿ ಕೈಲ್‌ಪೊಳ್ದ್‌ಗೆ ಒಡಿಕತ್ತಿಗೂ ಕೋವಿಗೂ ಪೂಜೆ. ಇವು ಬದುಕಿರುವವರ ನಂಬಿಕೆ. ದೈವಕ್ಕೆ ಹಿಟ್ ಪಾಯಿಂಟ್ ಬರೆಯುವುದು, ವ್ರತವನ್ನು ಆಟದ ‘ರೇಜ್’ (ರೋಷದ ಶಕ್ತಿ) ಎಂದು ಕರೆಯುವುದು ಬೇಡ. ಅಲ್ಲಿಂದ ಕಲಿಯುವುದಾದರೆ ಶಿಸ್ತನ್ನು ಕಲಿಯಿರಿ: ಎಷ್ಟು ದಿನದ ವ್ರತ, ಯಾರು ಯಾರ ಪಕ್ಕ ನಿಲ್ಲುತ್ತಾರೆ, ಕತ್ತಿ ಯಾವಾಗ ಒರೆಗೆ ಹೋಗುತ್ತದೆ. ಹೆಸರು ಮಾತ್ರ ನಿಮ್ಮ ಲೋಕದ್ದೇ ಇರಲಿ.

ಮಾತಿನ ಬಗ್ಗೆ: ‘ಎಲವೋ ದುರುಳ’ ಶೈಲಿ ಎರಡು ನಿಮಿಷ ಚೆನ್ನ, ಮೂರು ಗಂಟೆ ಕಷ್ಟ. ನಿಮ್ಮ ಎಂದಿನ ಕನ್ನಡದಲ್ಲೇ ಆಡಿ. ಒಡೆಯ, ಆಳು, ಭಾಷೆ, ಬಿರುದು, ಋಣ, ಈ ಐದು ಪದಗಳನ್ನು ಮಾತ್ರ ಹಳೆಯ ತೂಕದಲ್ಲಿ ಬಳಸಿ.

ಬರುವ ಭಾನುವಾರಕ್ಕೆ ಕಾರ್ಡಿನ ಮೊದಲ ಮೂರು ಸಾಲು ತುಂಬಿಸಿ ಡಿಎಂ ಕೈಗೆ ಕೊಡಿ. ನಾಲ್ಕನೆಯದನ್ನು, ಮಸಣನ ಕಲ್ಲನ್ನು ಯಾರು ನಿಲ್ಲಿಸುತ್ತಾರೆ ಮತ್ತು ಅವನ ಮನೆಗೆ ಎಷ್ಟು ನೆಲ ಬರುತ್ತದೆ ಎಂಬುದನ್ನು, ಖಾಲಿ ಬಿಡಿ. ಅದನ್ನು ತುಂಬಿಸುವವನು ಮುದ್ರೆ ಹೊತ್ತ ಆ ವಿಜರ್ಡ್.